ಒಂದೇ ಒಂದು ಸಿ.ಸಿ.

1961ರಲ್ಲಿ ಇಂಗ್ಲೆಂಡಿನ ರಸ್ತೆಗಳಿಗೆ ಇಳಿದ ಮಿನಿ ಕೂಪರ್ ಎಂಬ ಪುಟ್ಟ ಕಾರಿನ ಎಂಜಿನ್ನು 997 ಸಿ.ಸಿ. ಗಾತ್ರದ್ದು. ಮೂರು ವರ್ಷ ತುಂಬುವ ಮೊದಲೇ ತಯಾರಕರು ಅದನ್ನು ಕೈಬಿಟ್ಟು ಅದರ ಜಾಗದಲ್ಲಿ 998 ಸಿ.ಸಿ.ಯ ಎಂಜಿನ್ನನ್ನು ಕೂರಿಸಿದರು. ಹೆಚ್ಚಿದ್ದು ಒಂದೇ ಒಂದು ಸಿ.ಸಿ.! ಡಾಕ್ಟರರ ಸಿರಿಂಜಿನಲ್ಲಿ ಒಂದು ಗೆರೆಯಷ್ಟು. ಇಷ್ಟಕ್ಕಾಗಿ ಯಾರಾದರೂ ಎಂಜಿನ್ ಬದಲಾಯಿಸುತ್ತಾರೆಯೆ?

ಪ್ರೌಢಶಾಲೆಯ ಗಣಿತ ಓದಿದ ಯಾವ ಹುಡುಗನಿಗೂ ಹುಡುಗಿಗೂ ಈ ಒಗಟು ಬಿಡಿಸುವುದು ಕಷ್ಟವಲ್ಲ. ಸಿಲಿಂಡರಿನ ಘನಫಲ ಎಂದರೆ ಪೈ ಗುಣಿಸು ತ್ರಿಜ್ಯದ ವರ್ಗ ಗುಣಿಸು ಎತ್ತರ. ಎಂಜಿನ್ನಿನ ಗಾತ್ರ ಎನ್ನುವುದೂ ಇದೇ ಲೆಕ್ಕ. ಸಿಲಿಂಡರಿನ ಒಳವ್ಯಾಸಕ್ಕೆ ಬೋರ್ ಎಂದು ಹೆಸರು. ಅದರೊಳಗೆ ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ ಸ್ಟ್ರೋಕ್. ಇವೆರಡರಿಂದ ಬಂದ ಘನಫಲವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಸಿ.ಸಿ. ಸಿಕ್ಕಿತು. 997 ಸಿ.ಸಿ. ಎಂಜಿನ್ನಿನ ಬೋರ್ ಸುಮಾರು 62.4 ಮಿಲಿಮೀಟರ್, ಸ್ಟ್ರೋಕ್ 81.3. ಹೊಸದರ ಬೋರ್ 64.6, ಸ್ಟ್ರೋಕ್ 76.2. ಒಂದು ಸಪೂರವಾದ ಉದ್ದನೆಯ ಲೋಟ, ಇನ್ನೊಂದು ಕೊಂಚ ಅಗಲವಾದ ಗಿಡ್ಡ ಲೋಟ. ಎರಡರಲ್ಲೂ ಹಿಡಿಯುವ ಹಾಲು ಹೆಚ್ಚುಕಡಿಮೆ ಒಂದೇ.

ವ್ಯತ್ಯಾಸ ಇರುವುದು ಓಟದಲ್ಲಿ. ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಅಂದರೆ ಸೆಕೆಂಡಿಗೆ 100 ಸುತ್ತು. ಪ್ರತಿ ಸುತ್ತಿಗೂ ಪಿಸ್ಟನ್ ಒಮ್ಮೆ ಇಳಿದು ಒಮ್ಮೆ ಏರಬೇಕು. ಹಳೆಯ ಎಂಜಿನ್ನಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 16.3 ಮೀಟರ್, ಹೊಸದರಲ್ಲಿ 15.2. ಆದರೆ ಸರಾಸರಿಗಿಂತ ಭಯಂಕರವಾದದ್ದು ತುದಿಗಳಲ್ಲಿ ನಡೆಯುವ ಸಂಗತಿ. ಮೇಲಿನ ತುದಿ ಮುಟ್ಟಿದ ಪಿಸ್ಟನ್ ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಕೆಳಕ್ಕೆ ಧಾವಿಸಬೇಕಲ್ಲ? 81.3 ಮಿಲಿಮೀಟರ್ ಸ್ಟ್ರೋಕ್ ಇರುವಲ್ಲಿ ಆ ಕ್ಷಣದ ವೇಗೋತ್ಕರ್ಷ ಗುರುತ್ವದ ಸುಮಾರು ಎರಡು ಸಾವಿರ ಪಟ್ಟು. ಪಿಸ್ಟನ್ 300 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡಿಗೆ ಆ ಕ್ಷಣದಲ್ಲಿ 600 ಕಿಲೋ ಜಗ್ಗಿದ ಅನುಭವ. ಹೆಚ್ಚುಕಡಿಮೆ ಇಡೀ ಮಿನಿ ಕಾರಿನ ತೂಕ ಅದು. ಸೆಕೆಂಡಿಗೆ ನೂರು ಸಲ! ಸ್ಟ್ರೋಕ್ ಐದು ಮಿಲಿಮೀಟರ್ ಕಡಿಮೆಯಾದರೆ ಈ ಜಗ್ಗಾಟವೂ ತಗ್ಗುತ್ತದೆ. ಜೊತೆಗೆ ಅಗಲವಾದ ಬೋರಿನ ಮೇಲೆ ವಾಲ್ವುಗಳಿಗೆ ಉಸಿರಾಡಲು ಜಾಗ ಹೆಚ್ಚು. ಒಂದು ಸಿ.ಸಿ. ಬರಿಯ ನೆಪ.

ಈ ಎಂಜಿನ್ನು ಬೆಳೆದ ಕಥೆ ಸ್ವಾರಸ್ಯವಾಗಿದೆ. ಬ್ರಿಟಿಷ್ ಕಾರು ಉದ್ಯಮದಲ್ಲಿ 'ಎ-ಸೀರೀಸ್' ಎಂದು ಕರೆಸಿಕೊಂಡ ಇದು 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ ಕಾಣಿಸಿಕೊಂಡಾಗ ಕೇವಲ 803 ಸಿ.ಸಿ. ಇತ್ತು. 1956ರಲ್ಲಿ ಮಾರಿಸ್ ಮೈನರ್ ಕಾರಿಗಾಗಿ 948 ಆಯಿತು. ಅದೇ ವರ್ಷ ಸೂಯೆಜ್ ಬಿಕ್ಕಟ್ಟು ತಲೆದೋರಿ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಪೆಟ್ರೋಲು ಕುಡಿಯುವ, ನಾಲ್ಕು ಜನ ಕೂರಬಲ್ಲ ಚಿಕ್ಕ ಕಾರೊಂದು ಬೇಕಾಯಿತು. ಆ ಹೊಣೆ ಬಿದ್ದದ್ದು ಅಲೆಕ್ ಇಸ್ಸಿಗೋನಿಸ್ ಅವರ ಮೇಲೆ. ಎಂಜಿನ್ನನ್ನು ಅಡ್ಡಲಾಗಿ ಮಲಗಿಸಿ, ಗೇರ್ ಪೆಟ್ಟಿಗೆಯನ್ನು ಅದರ ಅಡಿಯ ಎಣ್ಣೆ ತೊಟ್ಟಿಯಲ್ಲೇ ಅಡಗಿಸಿ, ಮೂರೇ ಮೀಟರ್ ಉದ್ದದ ಕಾರಿನಲ್ಲಿ ಸಂಸಾರಕ್ಕೆ ಜಾಗ ಮಾಡಿಕೊಟ್ಟವರು ಅವರು. ಇವರು ಪಾಲಿಟೆಕ್ನಿಕ್ಕಿನಲ್ಲಿ ಗಣಿತದ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವರು ಎಂಬ ಸಂಗತಿ ವಿದ್ಯಾರ್ಥಿಗಳಿಗೆ ಬಹಳ ಹಿಡಿಸುತ್ತದೆ. ಪಾಲಕರು ಗಾಬರಿಯಾಗಬೇಕಿಲ್ಲ. ಅವರ ಕಾರಿನ ಎಂಜಿನ್ನನ್ನು ಹಿಗ್ಗಿಸಿದವರೆಲ್ಲ ಲೆಕ್ಕ ಮಾಡಿಯೇ ಹಿಗ್ಗಿಸಿದರು.

ಮಿನಿಯ ಮೊದಲ ಮಾದರಿಗಳಲ್ಲಿ 948 ಸಿ.ಸಿ.ಯ ಎಂಜಿನ್ನನ್ನೇ ಇಟ್ಟು ನೋಡಿದ್ದರು. ಸಾಮಾನ್ಯ ಜನ ಓಡಿಸುವ ಕಾರಿಗೆ ಆ ವೇಗ ಅತಿಯಾಯಿತು ಎನಿಸಿತು. ಆಗ ಮಾಡಿದ ಉಪಾಯ ನೋಡಿ: ಬೋರನ್ನು ಮುಟ್ಟಲೇ ಇಲ್ಲ. ಸ್ಟ್ರೋಕನ್ನು ಮಾತ್ರ 76.2ರಿಂದ 68.3 ಮಿಲಿಮೀಟರಿಗೆ ಇಳಿಸಿದರು. ಗಾತ್ರ 848 ಸಿ.ಸಿ.ಗೆ ಬಂತು. 1959ರ ಆಗಸ್ಟ್ 26ರಂದು ಲೋಕಕ್ಕೆ ಕಂಡ ಮಿನಿಯ ಎಂಜಿನ್ ಇದೇ.

ಹಿಗ್ಗಿಸುವ ಆಸೆ ಹುಟ್ಟಿದ್ದು ಜಾನ್ ಕೂಪರ್ ಅವರಲ್ಲಿ. ಕೂಪರ್ ಹದಿನೈದನೇ ವಯಸ್ಸಿಗೇ ಶಾಲೆ ಬಿಟ್ಟು ತಂದೆಯ ಗ್ಯಾರೇಜು ಸೇರಿದವರು. 1959 ಮತ್ತು 1960ರಲ್ಲಿ ಅವರ ಕಾರು ಓಡಿಸಿಯೇ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದದ್ದು. ಈ ಎ-ಸೀರೀಸ್ ಎಂಜಿನ್ನನ್ನು ಚಿಕ್ಕ ರೇಸು ಕಾರುಗಳಲ್ಲಿ ಹಿಂಡಿ ನೋಡಿದ್ದ ಅವರಿಗೆ ಅದರ ತಾಕತ್ತು ಗೊತ್ತಿತ್ತು. ಮಿನಿಯ ಹಿಡಿತ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಜನಸಾಮಾನ್ಯರ ಕಾರು ಮಾಡಿದ್ದೇನೆ ಎಂದುಕೊಂಡಿದ್ದ ಇಸ್ಸಿಗೋನಿಸ್‌ಗೆ ಈ ಆಲೋಚನೆ ರುಚಿಸಲಿಲ್ಲ. ಕೂಪರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಹ್ಯಾರಿಮನ್‌ರ ಬಾಗಿಲು ತಟ್ಟಿ, ಒಂದು ಸಾವಿರ ಕಾರು ಮಾಡಲು ಒಪ್ಪಿಗೆ ಪಡೆದರು. ಹೀಗೆ ಬಂದದ್ದು ಮೇಲೆ ಹೇಳಿದ 997.

ಇಲ್ಲಿ ಸ್ಟ್ರೋಕ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಸೈಕಲ್ ತುಳಿಯುವುದನ್ನು ನೆನೆಯಿರಿ. ಮೊಣಕಾಲು ಪಿಸ್ಟನ್, ಮೊಣಕಾಲಿನ ಕೆಳಗಿನ ಕಾಲು ಕನೆಕ್ಟಿಂಗ್ ರಾಡ್, ಪೆಡಲಿನ ಕೈ ಕ್ರ್ಯಾಂಕ್. ಮೊಣಕಾಲು ಏರಿಳಿಯುವ ದೂರ ಪೆಡಲ್ ಕೈಯ ಉದ್ದದ ಎರಡರಷ್ಟು. ಈಗ ಮಗುವಿನ ಸೈಕಲ್ಲಿಗೆ ದೊಡ್ಡವರ ಸೈಕಲ್ಲಿನ ಪೆಡಲ್ ಕೈ ಹಾಕಿ. ಒಂದೊಂದು ತುಳಿತಕ್ಕೂ ಬಲ ಹೆಚ್ಚು ಸಿಗುತ್ತದೆ, ನಿಜ. ಆದರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ, ಕೆಳಗೆ ಪೆಡಲು ನೆಲಕ್ಕೆ ತಾಗುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಸ್ಟ್ರೋಕ್ ಹೆಚ್ಚಿಸಿದರೆ, ಹೆಚ್ಚಿದ್ದರ ಅರ್ಧದಷ್ಟು ಪಿಸ್ಟನ್ ಮೇಲಕ್ಕೆ ಬರುತ್ತದೆ, ಇನ್ನರ್ಧ ಕೆಳಕ್ಕೆ ಹೋಗುತ್ತದೆ. ಮೇಲೆ ಹೆಡ್ಡು ಇದೆ, ಕೆಳಗೆ ಬ್ಲಾಕಿನ ಗೋಡೆ ಇದೆ.

1963ರಲ್ಲಿ ಬಂದ 'ಕೂಪರ್ ಎಸ್' ಈ ಕಥೆಯ ಶಿಖರ. ಇಲ್ಲಿ ಬೋರನ್ನು ಒಮ್ಮೆಲೇ 70.6 ಮಿಲಿಮೀಟರಿಗೆ ಏರಿಸಿದರು. ಹಳೆಯ ಬ್ಲಾಕಿನಲ್ಲಿ ಅಷ್ಟು ಕೊರೆದರೆ ಗೋಡೆಗಳೇ ಉಳಿಯುತ್ತಿರಲಿಲ್ಲ. ಹಾಗಾಗಿ ಎರಕದಲ್ಲೇ ಸಿಲಿಂಡರುಗಳನ್ನು ಸರಿಸಿದರು. ಹೊರಗಿನ ಎರಡನ್ನು ಇನ್ನಷ್ಟು ಹೊರಕ್ಕೆ, ನಡುವಿನ ಎರಡನ್ನು ಪರಸ್ಪರ ಹತ್ತಿರಕ್ಕೆ. ಒಂದೇ ಬೆಂಚಿನಲ್ಲಿ ನಾಲ್ಕು ಜನ ದಪ್ಪ ಮಕ್ಕಳನ್ನು ಕೂರಿಸುವ ಮೇಷ್ಟರ ಜಾಣ್ಮೆ ಇದು! ಹೆಡ್ಡನ್ನು ಬಿಗಿಯುವ ಕಡೆಗಳು ಒಂಬತ್ತರಿಂದ ಹನ್ನೊಂದಾದವು. ಕ್ರ್ಯಾಂಕನ್ನು ಒಳ್ಳೆಯ ಉಕ್ಕಿನಲ್ಲಿ ಮಾಡಿ, ನೈಟ್ರೋಜನ್ ಹಾಯಿಸಿ ಮೇಲ್ಮೈಯನ್ನು ಗಡುಸು ಮಾಡಿದರು. ಅದು ಕೂರುವ ಮುಖ್ಯ ಬೇರಿಂಗುಗಳ ವ್ಯಾಸ ಒಂದೂಮುಕ್ಕಾಲು ಇಂಚಿನಿಂದ ಎರಡು ಇಂಚಿಗೆ ಹೋಯಿತು.

ಅದೇ ಬೋರ್ ಇಟ್ಟುಕೊಂಡು ಮೂರು ಬೇರೆ ಬೇರೆ ಕ್ರ್ಯಾಂಕುಗಳಿಂದ ಮೂರು ಎಂಜಿನ್ ಮಾಡಿದ್ದು ಇನ್ನೂ ಸೊಗಸು. 61.9 ಮಿಲಿಮೀಟರ್ ಸ್ಟ್ರೋಕಿಗೆ 970 ಸಿ.ಸಿ., 68.3ಕ್ಕೆ 1071, 81.3ಕ್ಕೆ 1275. ರೇಸುಗಳಲ್ಲಿ 1000, 1100, 1300 ಸಿ.ಸಿ.ಯೊಳಗಿನ ವರ್ಗಗಳಿದ್ದವು. ಒಂದೊಂದು ವರ್ಗಕ್ಕೂ ಒಂದೊಂದು. ಆದರೆ 1275ಕ್ಕೆ ಬಂದಾಗ ಸ್ಟ್ರೋಕ್ 1071ಕ್ಕಿಂತ 13 ಮಿಲಿಮೀಟರ್ ಹೆಚ್ಚಾಗಿ, ಪಿಸ್ಟನ್ ಆರೂವರೆ ಮಿಲಿಮೀಟರ್ ಮೇಲೆ ಬರುವಂತಾಯಿತು. ಸೈಕಲ್ಲಿನ ಹ್ಯಾಂಡಲ್ ಎತ್ತರಿಸಿದಂತೆ ಬ್ಲಾಕನ್ನೇ ಎತ್ತರಿಸಬೇಕಾಯಿತು.

1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಗೆದ್ದದ್ದು 1071 ಸಿ.ಸಿ.ಯ ಎಸ್ ಕಾರಿನಲ್ಲಿ. ಎರಡನೆಯ ಸ್ಥಾನ ಬಂದದ್ದು ನಾಲ್ಕೂವರೆ ಲೀಟರಿಗೂ ದೊಡ್ಡ ಎಂಜಿನ್ನಿನ ಫೋರ್ಡ್ ಫಾಲ್ಕನ್‌ಗೆ. ಚಿಕ್ಕ ಎಂಜಿನ್ನುಗಳಿಗೆ ರಿಯಾಯಿತಿ ಕೊಡುವ ನಿಯಮ ಅಲ್ಲಿತ್ತು ಎಂಬುದನ್ನು ಹೇಳದೆ ಬಿಡಬಾರದು. ಆದರೂ ಗೆಲುವು ಗೆಲುವೇ. 1965ರಲ್ಲೂ 1967ರಲ್ಲೂ 1275 ಗೆದ್ದಿತು.

ಕೊನೆಯ ಹಳೆಯ ಮಿನಿ 2000ದ ಅಕ್ಟೋಬರ್ 4ರಂದು ಲಾಂಗ್‌ಬ್ರಿಜ್ ಕಾರ್ಖಾನೆಯಿಂದ ಹೊರಬಂತು. ಅಷ್ಟರಲ್ಲಿ 50 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಹಾಗೆ ಉಳಿದುಕೊಂಡ ಒಂದು 1275ನ್ನು ಹಿಗ್ಗಿಸಲು ಇಂದು ಒಬ್ಬ ಇಂಗ್ಲಿಷ್ ಹವ್ಯಾಸಿ ಹೊರಡುತ್ತಾನೆ ಎನ್ನೋಣ. ಅವನ ಮೇಜಿನ ಮೇಲೆ ಬಿಡಿಭಾಗಗಳ ಪಟ್ಟಿ ಇದೆ, ಜೇಬಿನಲ್ಲಿ ದುಡ್ಡೂ ಇದೆ. ಎಲ್ಲವೂ 'ಎ-ಸೀರೀಸ್' ಎಂದೇ ಬರೆದುಕೊಂಡಿವೆ. ಅಪಾಯ ಇರುವುದೇ ಅಲ್ಲಿ. ಒಂದೇ ಮನೆತನದವರು ಎಂದ ಮಾತ್ರಕ್ಕೆ ಅಣ್ಣನ ಚಪ್ಪಲಿ ತಮ್ಮನಿಗೆ ಹಿಡಿಸಬೇಕೆಂದಿಲ್ಲ.

ಕ್ರ್ಯಾಂಕನ್ನೇ ತೆಗೆದುಕೊಳ್ಳಿ. ಕೂಪರ್ ಎಸ್‌ನ ಕ್ರ್ಯಾಂಕಿಗೂ ಆಮೇಲೆ ಬಂದ ಮಿನಿ 1275 ಜಿ.ಟಿ.ಯ ಕ್ರ್ಯಾಂಕಿಗೂ ಸ್ಟ್ರೋಕ್ ಒಂದೇ, ಮುಖ್ಯ ಬೇರಿಂಗಿನ ವ್ಯಾಸವೂ ಒಂದೇ, ಎರಡು ಇಂಚು. ಒಂದನ್ನು ತೆಗೆದು ಇನ್ನೊಂದನ್ನಿಟ್ಟರೆ ಬ್ಲಾಕಿನಲ್ಲಿ ಸಲೀಸಾಗಿ ಕೂರುತ್ತದೆ, ಕೈಯಿಂದ ತಿರುಗಿಸಿದರೆ ತಿರುಗುತ್ತದೆ. ಆಹಾ, ಹೊಂದಿತು ಎಂದು ಹಿಗ್ಗುವಷ್ಟರಲ್ಲಿ ಕನೆಕ್ಟಿಂಗ್ ರಾಡ್ ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ಎಸ್‌ನಲ್ಲಿ ರಾಡ್ ಹಿಡಿಯುವ ಜಾಗದ ವ್ಯಾಸ 41.3 ಮಿಲಿಮೀಟರ್, ಜಿ.ಟಿ.ಯಲ್ಲಿ 44.45. ರಾಡು ಕ್ರ್ಯಾಂಕಿನ ಜೋಡಿ, ಬ್ಲಾಕಿನ ಜೋಡಿಯಲ್ಲ. ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕು.

ಸ್ಟ್ರೋಕನ್ನೂ ಹಿಗ್ಗಿಸಬೇಕೆಂದು 84 ಮಿಲಿಮೀಟರಿನ ಕ್ರ್ಯಾಂಕ್ ಕೊಂಡರೆ ಪಿಸ್ಟನ್ 1.3 ಮಿಲಿಮೀಟರ್ ಮೇಲೆ ಬರುತ್ತದೆ. ಬ್ಲಾಕಿನ ಎತ್ತರವನ್ನು ಈಗ ಬದಲಿಸುವಂತಿಲ್ಲ. ಕ್ರ್ಯಾಂಕಿನ ಕೈಯ ಉದ್ದ, ರಾಡಿನ ಉದ್ದ, ರಾಡು ಸೇರುವ ಪಿನ್ನಿನಿಂದ ಪಿಸ್ಟನ್ನಿನ ನೆತ್ತಿಯವರೆಗಿನ ಎತ್ತರ, ಈ ಮೂರನ್ನು ಕೂಡಿದರೆ ಬ್ಲಾಕಿನ ಎತ್ತರಕ್ಕೆ ಸರಿಹೊಂದಬೇಕು. ಮೊದಲನೆಯದು ಹೆಚ್ಚಿತು ಎಂದರೆ ಉಳಿದೆರಡರಲ್ಲಿ ಒಂದು ಅಷ್ಟೇ ಕಡಿಮೆಯಾಗಲೇಬೇಕು. ಆದ್ದರಿಂದ ಪಿನ್ನು 1.3 ಮಿಲಿಮೀಟರ್ ಮೇಲಿರುವ ಪಿಸ್ಟನ್ನನ್ನೇ ಹುಡುಕಬೇಕು, ಇಲ್ಲವೇ ರಾಡು ಗಿಡ್ಡವಾಗಬೇಕು. ರಾಡು ಗಿಡ್ಡವಾದಷ್ಟೂ ಅದು ಓರೆಯಾಗಿ ನಿಂತು ಪಿಸ್ಟನ್ನನ್ನು ಪಕ್ಕದ ಗೋಡೆಗೆ ಒತ್ತುತ್ತದೆ. ಒಂದನೇ ತರಗತಿಯ ಕೂಡುವ ಲೆಕ್ಕ, ಆದರೆ ಬಿಡಿಭಾಗ ಕೊಳ್ಳುವ ಉತ್ಸಾಹದಲ್ಲಿ ಎಷ್ಟು ಜನ ಇದನ್ನು ಮರೆಯುತ್ತಾರೆಂದರೆ, ಕೊಂಡದ್ದನ್ನು ಮರಳಿಸುವ ಅಂಚೆ ವೆಚ್ಚವೇ ಒಂದು ಹೊರೆ.

ಬಹುಪಾಲು ಜನ ಬೋರಿನ ದಾರಿ ಹಿಡಿಯುತ್ತಾರೆ. 70.6 ಇದ್ದದ್ದನ್ನು 73.5ಕ್ಕೆ ಕೊರೆಸಿದರೆ 1380 ಸಿ.ಸಿ. ಗೋಡೆಯಿಂದ ಸುತ್ತಲೂ ಕಡಿದುಹೋಗುವುದು 1.45 ಮಿಲಿಮೀಟರ್ ಮಾತ್ರ. ಆ ಗೋಡೆಯ ಆಚೆ ತಂಪು ಮಾಡುವ ನೀರು ಹರಿಯುತ್ತಿದೆ. ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಕೂದಲೆಳೆಯಷ್ಟು ಸರಿದಿದ್ದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ತಿಳಿದವರು ಕೊರೆಯುವ ಮೊದಲು ಶ್ರವಣಾತೀತ ತರಂಗ ಹಾಯಿಸಿ ಗೋಡೆಯ ದಪ್ಪವನ್ನು ಹತ್ತಾರು ಕಡೆ ಅಳೆಯುತ್ತಾರೆ. ಆಸ್ಪತ್ರೆಯಲ್ಲಿ ಗರ್ಭಿಣಿಗೆ ಮಾಡುವ ಸ್ಕ್ಯಾನಿಂಗ್ ಇದೇ ತತ್ತ್ವದ್ದು. ಅಳೆಯದೆ ಕೊರೆದು ಗೋಡೆ ತೂತಾದರೆ, 1964ರ ಒಂದು ಎಸ್ ಬ್ಲಾಕು ಮುಗಿಯಿತು. ತೋಳು ಕೂರಿಸಿ ಉಳಿಸಿಕೊಳ್ಳಲು ನೋಡಬಹುದು, ಆದರೆ ಅಂಥ ಇನ್ನೊಂದು ಬ್ಲಾಕು ಸುಲಭಕ್ಕೆ ಸಿಗುವುದಿಲ್ಲ.

ಕರ್ನಾಟಕದ ಯಾವ ಪೇಟೆಯಲ್ಲೂ ಬೋರ್ ಮಾಡಿಸುವ ಅಂಗಡಿ ಇದ್ದೇ ಇರುತ್ತದೆ. ಅಲ್ಲಿನ ಅನುಭವಿ ಕೆಲಸಗಾರ ಕೇಳುವ ಮೊದಲ ಮಾತು, ಪಿಸ್ಟನ್ ತಂದಿದ್ದೀರಾ ಎಂದು. ಪಿಸ್ಟನ್ನನ್ನು ಅಳೆದು ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯುತ್ತಾನೆಯೇ ಹೊರತು, ಕೊರೆದ ಮೇಲೆ ಪಿಸ್ಟನ್ ಹುಡುಕು ಎನ್ನುವುದಿಲ್ಲ. ಇದು ಬಹಳ ದೊಡ್ಡ ತಿಳಿವಳಿಕೆ. ಒತ್ತಿ ಬಡಿದು ಮಾಡಿದ ಪಿಸ್ಟನ್ ಎರಕದ ಪಿಸ್ಟನ್ನಿಗಿಂತ ಸಾಮಾನ್ಯವಾಗಿ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಬಿಡಬೇಕಾದ ಸಂದೂ ಹೆಚ್ಚು. ಯಾವ ಪಿಸ್ಟನ್ ಎಂದು ಗೊತ್ತಿಲ್ಲದೆ ಎಷ್ಟು ಕೊರೆಯಬೇಕೆಂದು ಹೇಳುವುದು ಹೇಗೆ?

ಅಂದಹಾಗೆ, 2014ರವರೆಗೆ ಭಾರತದಲ್ಲಿ ತಯಾರಾದ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಇದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಇದರ ಅಣ್ಣ, 'ಬಿ-ಸೀರೀಸ್'. ಅದರ ಸ್ಟ್ರೋಕ್ 88.9 ಮಿಲಿಮೀಟರ್. ಇಂಗ್ಲೆಂಡಿನಲ್ಲಿ ಅದೇ ಎಂಜಿನ್ನು 1622, ಮುಂದೆ ಎಂ.ಜಿ.ಬಿ. ಕಾರಿನಲ್ಲಿ 1798 ಸಿ.ಸಿ.ವರೆಗೆ ಹಿಗ್ಗಿದಾಗಲೂ ಸ್ಟ್ರೋಕ್ ಬದಲಾಗಲಿಲ್ಲ, ಎಲ್ಲ ಬೋರಿನದೇ ಆಟ. ಆದರೆ 1798ಕ್ಕೆ ಬೇಕಾದದ್ದು ಬೇರೆಯೇ ಎರಕ. ಅದರಲ್ಲಿ ಸಿಲಿಂಡರುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿದ್ದು ಜೋಡಿಯ ನಡುವೆ ನೀರಿಗೆ ದಾರಿಯಿಲ್ಲ. ಮನೆಯ ಅಂಬಾಸಡರಿನ ಬ್ಲಾಕಿನಲ್ಲಿ ಅಷ್ಟು ಜಾಗ ಹುಡುಕುವ ಹುಡುಗರಿಗೆ ಇನ್ನೊಂದು ಮಾತು: ಕಾರಿನ ಎಂಜಿನ್ನನ್ನು ಮನಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು.

1380ಕ್ಕೆ ಮರಳೋಣ. ಬೋರ್ ಹಿಗ್ಗಿದ್ದರಿಂದ ಒಂದು ಸಿಲಿಂಡರ್ ಒಳಗೆಳೆಯುವ ಗಾಳಿ-ಪೆಟ್ರೋಲು 318ರಿಂದ 345 ಸಿ.ಸಿ.ಗೆ ಏರಿತು. ಪಿಸ್ಟನ್ ಮೇಲೆ ಬಂದಾಗ ಇದೆಲ್ಲ ಅದುಮಿಕೊಳ್ಳುವ ಗೂಡು 36 ಸಿ.ಸಿ. ಇದ್ದರೆ, ಸಂಪೀಡನ ಅನುಪಾತ ಮೊದಲು 318 ಕೂಡಿಸು 36, ಭಾಗಿಸು 36, ಅಂದರೆ ಸುಮಾರು 9.8. ಈಗ ಅದೇ ಲೆಕ್ಕದಲ್ಲಿ 10.6. ಅನಿಲವನ್ನು ಅದುಮಿದಷ್ಟೂ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಹೇಳಬೇಕಿಲ್ಲ. ಅತಿಯಾಗಿ ಅದುಮಿದರೆ ಪೆಟ್ರೋಲು ಕಿಡಿಗೆ ಕಾಯದೆ ತಾನೇ ಸಿಡಿದು, ಸುತ್ತಿಗೆಯಿಂದ ಬಡಿದ ಸದ್ದು ಬರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ನಿನ ನೆತ್ತಿಯೇ ತೂತು. ಮೊದಲಿನ 9.8ಕ್ಕೆ ತರಬೇಕೆಂದರೆ ಗೂಡು 39 ಸಿ.ಸಿ. ಆಗಬೇಕು. ಮೂರೇ ಸಿ.ಸಿ. ಹೆಚ್ಚು! ನೆತ್ತಿಯಲ್ಲಿ ಬಟ್ಟಲಿನಂಥ ತಗ್ಗು ಇರುವ ಪಿಸ್ಟನ್ ಆರಿಸಿಕೊಂಡರೆ ಆಯಿತು.

ಈ ಮೂರು ಸಿ.ಸಿ.ಯನ್ನು ಅಳೆಯುವ ವಿಧಾನ ಕೇಳಿದರೆ ಮಕ್ಕಳಿಗೆ ಖುಷಿಯಾಗುತ್ತದೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಆಮ್ಲ-ಪ್ರತ್ಯಾಮ್ಲಗಳಿಗೆ ಬಳಸುವ ಬ್ಯುರೆಟ್ಟೇ ಇಲ್ಲೂ ಉಪಕರಣ. ಹೆಡ್ಡನ್ನು ಮಗುಚಿ ಮಟ್ಟಸವಾಗಿಟ್ಟು, ಗೂಡಿನ ಬಾಯಿಗೆ ತೂತಿರುವ ಪಾರದರ್ಶಕ ಹಲಗೆ ಅಂಟಿಸಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಡುತ್ತಾರೆ. ಗೂಡು ತುಂಬಿದಾಗ ಬ್ಯುರೆಟ್ಟಿನ ಗೆರೆ ಓದಿದರೆ ಸಾಕು. ನಾಲ್ಕೂ ಗೂಡುಗಳನ್ನು ಅಳೆದು ಸಮ ಮಾಡುವವರೆಗೆ ಬಿಡುವುದಿಲ್ಲ. ಬಳಿಕ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್. ಹಳೆಯ ಅಳತೆಯ ಗ್ಯಾಸ್ಕೆಟ್ ಹಾಕಿದರೆ ಅದರ ಅಂಚು ಹಿಗ್ಗಿದ ಬೋರಿನೊಳಕ್ಕೆ ಚಾಚಿ, ಕೆಂಪಗೆ ಕಾದು, ಅದೇ ಒಂದು ಕಿಡಿಯಾಗುತ್ತದೆ. 73.5ರ ಬೋರಿಗೆ ಅದಕ್ಕಿಂತ ದೊಡ್ಡ ತೂತಿನದೇ ಬೇಕು.

ಹೆಡ್ಡಿನದೂ ಒಂದು ತಕರಾರು ಇದೆ, ಇದರಲ್ಲಿ ಮೋಸ ಹೋಗುವವರು 998ರ ಒಡೆಯರು. 1275ರ ಹೆಡ್ಡಿನಲ್ಲಿ ದೊಡ್ಡ ವಾಲ್ವುಗಳಿವೆ, ಚೆನ್ನಾಗಿ ಉಸಿರಾಡುತ್ತದೆ, ಬ್ಲಾಕಿನ ಮೇಲೆ ಬೋಲ್ಟಿಗೂ ಕೂರುತ್ತದೆ. ಆದರೆ 998ರ ಬೋರ್ ಆರು ಮಿಲಿಮೀಟರ್ ಕಿರಿದು. ಹೊಗೆ ಬಿಡುವ ವಾಲ್ವಿನ ಅಂಚು ಬೋರಿನಾಚೆ ಚಾಚಿಕೊಂಡಿದ್ದು, ತೆರೆದಾಗ ಬ್ಲಾಕಿನ ಮುಖಕ್ಕೇ ಬಡಿಯುತ್ತದೆ. ಬ್ಲಾಕಿನಲ್ಲಿ ಅಲ್ಲಿಗೊಂದು ಗುಳಿ ಕಡಿಯಬೇಕು, ಇಲ್ಲವೇ ವಾಲ್ವು ಅಷ್ಟು ಆಳಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಆದ ಮೇಲೂ ಬಲ್ಲವರು ಕೀಲಿ ತಿರುಗಿಸುವುದಿಲ್ಲ. ಪಿಸ್ಟನ್ನಿನ ನೆತ್ತಿಯ ಮೇಲೆ ಮಕ್ಕಳು ಆಟಕ್ಕೆ ಬಳಸುವ ಕ್ಲೇಯ ಒಂದು ಉಂಡೆಯನ್ನು ಚಪ್ಪಟೆ ಮಾಡಿ ಅಂಟಿಸುತ್ತಾರೆ. ಹೆಡ್ಡು ಕೂರಿಸಿ ಬಿಗಿಯುತ್ತಾರೆ. ಸ್ಪಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ, ಬಹಳ ನಿಧಾನವಾಗಿ, ಎರಡು ಸುತ್ತು ತಿರುಗಿಸುತ್ತಾರೆ. ಎಲ್ಲಾದರೂ ಗಡಸಾಯಿತೋ, ಅಲ್ಲೇ ನಿಲ್ಲಿಸುತ್ತಾರೆ. ಆಗದಿದ್ದರೆ ಹೆಡ್ಡನ್ನು ಮತ್ತೆ ಬಿಚ್ಚಿ, ವಾಲ್ವಿನ ಗುರುತು ಬಿದ್ದ ಕ್ಲೇಯನ್ನು ಬ್ಲೇಡಿನಿಂದ ಅಡ್ಡ ಕೊಯ್ದು, ಅತಿ ತೆಳುವಾದ ಕಡೆ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಅಳೆದು ಕಾಗದದ ಮೇಲೆ ಬರೆದಿಡುತ್ತಾರೆ.